ಅವರ ಅಜಿನ, ನಮ್ಮ ತೊಗಲು

ನಮ್ಮ ಭಾಷೆಯಲ್ಲಿ ಸತ್ತ ಪ್ರಾಣಿಯ ಚರ್ಮಕ್ಕೆ ಒಂದೇ ಹೆಸರಿಲ್ಲ. ಋಷಿ ಅದರ ಮೇಲೆ ಕೂತರೆ ಅಜಿನ. ರಾಜ ಅದನ್ನು ಗೋಡೆಗೆ ಹೊಡೆಸಿದರೆ ಬೇಟೆಯ ಬಿರುದು. ಬೆಂಗಳೂರಿನ ಅಂಗಡಿಯ ಗಾಜಿನ ಹಿಂದೆ ತೂಗಿದರೆ ಲೆದರ್. ಅದೇ ಚರ್ಮ ನಮ್ಮಪ್ಪನ ಕೈಯಲ್ಲಿದ್ದರೆ ಮಾತ್ರ ತೊಗಲು. ಮೊದಲ ಮೂರು ಹೆಸರು ಹೇಳುವಾಗ ಜನರ ಬಾಯಿ ಅಗಲವಾಗುತ್ತದೆ. ನಾಲ್ಕನೆಯದನ್ನು ಹೇಳುವಾಗ ಮೂಗು ಮುಚ್ಚಿಕೊಳ್ಳುತ್ತದೆ. ಮೂಗಿಗೂ ಜಾತಿ ಇದೆ ಅನ್ನುವುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

ಇದನ್ನು ಈಗ ಬರೆಯಲು ಕಾರಣ ನನ್ನ ತಂಗಿಯ ಮಗಳು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅವಳು ಫ್ಯಾಷನ್ ಡಿಸೈನ್ ಓದುತ್ತಾಳೆ. ನಮ್ಮ ಹಟ್ಟಿಯಿಂದ ಆ ಓದಿಗೆ ಹೋದ ಮೊದಲ ಹುಡುಗಿ. ಅಲ್ಲಿ ಅವರಿಗೆ ಒಂದು ಕೆಲಸ ಕೊಟ್ಟಿದ್ದರಂತೆ. ಮರದ ತೊಗಟೆ, ಕಲ್ಲಿನ ಪದರ, ಮರಳಿನ ಅಲೆ, ಹಾವಿನ ಪೊರೆ, ಚಿರತೆಯ ಚುಕ್ಕೆ, ಮೊಸಳೆಯ ಬೆನ್ನು, ಇಂಥ ಪ್ರಕೃತಿಯ ಯಾವುದಾದರೂ ಒಂದು ಮೇಲ್ಮೈಯನ್ನು ಹಿಡಿದು, ಅದರಿಂದ ಮನೆಯ ಪರದೆಗೋ ದಿಂಬಿಗೋ ಕೈಚೀಲಕ್ಕೋ ಒಂದು ವಿನ್ಯಾಸ ತೆಗೆಯಬೇಕು. ರಜಕ್ಕೆ ಊರಿಗೆ ಬಂದವಳು ಕೇಳಿದಳು: “ಮಾವ, ತಾತ ಹದ ಮಾಡಿದ್ ತೊಗಲು ಅಟ್ಟದ ಮೇಲೆ ಇನ್ನೂ ಐತಾ?”

ಇತ್ತು. ಅಪ್ಪ ಹದ ಮಾಡಿದ ಕಡೆಯ ತೊಗಲು ಅದು, 1988ರ ಬೇಸಗೆಯದ್ದು. ಆಮೇಲೆ ಅಪ್ಪ ಸುಣ್ಣದ ಗುಂಡಿಗೆ ಮಣ್ಣು ಎಳೆದುಬಿಟ್ಟ. ಕಪಿಲೆ ಬಾವಿಗಳು ನಿಂತು ಪಂಪ್‌ಸೆಟ್ ಬಂದಿದ್ದವು, ತೊಗಲ ಬಾನಿ ಕೇಳುವವರಿಲ್ಲ. ಸಂತೆಗೆ ಪ್ಲಾಸ್ಟಿಕ್ ಚಪ್ಪಲಿ ಬಂದಿತ್ತು, ಎಕ್ಕಡ ಹೊಲಿಸುವವರಿಲ್ಲ. ಹಗ್ಗ ನೈಲಾನಿನದಾಯಿತು, ಮಿಣಿ ಬೇಡವಾಯಿತು. ಸುಗ್ಗಿಯಲ್ಲಿ ಕಣದ ಆಚೆ ನಿಂತು ಸೆರಗೊಡ್ಡಿ ತರುತ್ತಿದ್ದ ಆಯದ ಕಾಳೂ ನಿಂತಿತು. ನಿಲ್ಲದೆ ಉಳಿದದ್ದು ಒಂದೇ. ದನ ಸತ್ತಾಗ ಊರಿನಿಂದ ಬರುವ ಕರೆ. ಕೊಡುವುದು ನಿಲ್ಲುತ್ತದೆ, ಕರೆಯುವುದು ನಿಲ್ಲುವುದಿಲ್ಲ. ಇದು ಹಳ್ಳಿಯ ಅರ್ಥಶಾಸ್ತ್ರ.

ಓದುವ ಹುಡುಗರಿಗೆ ಆ ಕೆಲಸ ಏನೆಂದು ಗೊತ್ತಿಲ್ಲದೆ ಇರಬಹುದು, ಅದಕ್ಕೆ ಬರೆಯುತ್ತೇನೆ. ಸತ್ತ ದನವನ್ನು ಗಳುವಿಗೆ ಕಟ್ಟಿ ಹೊತ್ತು ತರಬೇಕು. ಸುಲಿಯುವಾಗ ಚೂರಿ ಒಂದು ಎಳೆ ಆಳಕ್ಕೆ ಹೋದರೆ ತೊಗಲು ತೂತು. ಒಂದು ಎಳೆ ಈಚೆ ನಿಂತರೆ ಮಾಂಸ ಅಂಟಿಕೊಂಡು ಕೊಳೆಯುತ್ತದೆ. ಸುಲಿದದ್ದನ್ನು ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಹಾಕಿ, ದಿನಾ ಮೇಲೆ ಕೆಳಗೆ ಮಾಡಿ, ಕೂದಲು ಸಡಿಲವಾದ ಮೇಲೆ ಹೆರೆಯಬೇಕು. ತೊಳೆದು ತೊಳೆದು ಸುಣ್ಣ ಬಿಡಿಸಬೇಕು. ಆಮೇಲೆ ತಂಗಡಿ ಚಕ್ಕೆ. ಹಳದಿ ಹೂ ಬಿಡುವ ಆ ಕುರುಚಲು ಗಿಡದ ತೊಗಟೆಯನ್ನು ಅವ್ವ ಗುಡ್ಡದಿಂದ ಹೊರೆ ಹೊರೆ ತಂದು ಕುಟ್ಟುತ್ತಿದ್ದಳು. ತೊಗಲನ್ನು ಚೀಲದ ಹಾಗೆ ಹೊಲಿದು, ಮೂರು ಗಳಗಳ ನಡುವೆ ನೇತುಹಾಕಿ, ಒಳಗೆ ಚಕ್ಕೆಯನ್ನೂ ನೀರನ್ನೂ ತುಂಬಿ, ಕೆಳಗೆ ತೊಟ್ಟಿಕ್ಕಿದ್ದನ್ನು ಮತ್ತೆ ಮತ್ತೆ ಮೇಲಿನಿಂದ ಹುಯ್ಯಬೇಕು. ಕಡೆಗೆ ಅಳಲೆಕಾಯಿ, ಹೊಂಗೆ ಎಣ್ಣೆ. ಇಷ್ಟೆಲ್ಲ ಆದ ಮೇಲೆ ಕೊಳೆಯುವ ವಸ್ತು ಕೊಳೆಯದ ವಸ್ತುವಾಗುತ್ತದೆ. ತೊಗಟೆಯ ಒಗರಿನಲ್ಲಿರುವ ಟ್ಯಾನಿನ್ ಚರ್ಮದ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ನೀರು ಮತ್ತು ಹುಳು ಒಳಗೆ ಹೋಗದ ಹಾಗೆ. ಇದು ರಸಾಯನಶಾಸ್ತ್ರ. ನಮ್ಮವರಿಗೆ ಇದನ್ನು ಯಾವ ಗುರುಕುಲವೂ ಕಲಿಸಲಿಲ್ಲ. ತಾವೇ ಕಲಿತದ್ದಕ್ಕೆ ಸಿಕ್ಕ ಪದವಿ ಅಸ್ಪೃಶ್ಯತೆ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಸೊಸೈಟಿ ಸಾಲಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಅದೇ ಹೆಬ್ಬೆಟ್ಟನ್ನು ತೊಗಲಿನ ಮೇಲೆ ಆಡಿಸಿ ಒಂದು ದನದ ಪೂರ್ತಿ ಬದುಕನ್ನು ಓದುತ್ತಿದ್ದ.

“ಇದು ಎಡಕ್ಕೆ ಹೂಡ್ತಿದ್ದ ಎತ್ತು ಕಣ್ಲಾ. ನೋಡು, ಈ ಮಗ್ಗುಲಾಗೆ ಹೆಗಲು ಎಂಗೆ ಜಡ್ಡುಗಟ್ಟೈತೆ. ಇದು ಉಣ್ಣೆ ಕಚ್ಚಿದ ಚುಕ್ಕೆ. ಮೇವಿಲ್ಲದ ವರ್ಸ ಕಾಡಿಗೆ ಹೊಡ್ದವ್ರೆ. ಇದು ಬರೆ, ಕಾಲು ಬಾಧೆಗೆ ಕಬ್ಣ ಕಾಸಿ ಇಕ್ಕವ್ರೆ. ಇದು ಬಾರ್‌ಕೋಲಿನ ಮೊಳೆ. ಯಜಮಾನ ಭಾಳ ಸಿಟ್ಟಿನೋನು.”

ತಾನಾಗಿ ಸತ್ತ ದನದ ತೊಗಲಿನಲ್ಲಿ ರಕ್ತ ಪೂರ್ತಿ ಇಳಿದಿರುವುದಿಲ್ಲ. ಹಾಗಾಗಿ ಹದವಾದ ಮೇಲೆ ನಾಳಗಳ ಗೆರೆ ಎಲೆ ಉದುರಿದ ಮರದ ಕೊಂಬೆಗಳಂತೆ ಮೂಡುತ್ತವೆ. ಕೂದಲು ಹೋದ ಮೇಲೂ ಅದರ ಗುಳಿ ಉಳಿಯುತ್ತದೆ. ಹಸುವಿನದಾದರೆ ಸಣ್ಣ ಗುಳಿ, ಒತ್ತೊತ್ತು, ಸಮ. ಎಮ್ಮೆಯದು ದಪ್ಪ, ದೂರ ದೂರ. ಮೇಕೆಯದು ಸಾಲು ಸಾಲು ಗುಂಪು. ಹಂದಿಯದು ಮೂರು ಮೂರರ ಗುಂಪು. ಅಪ್ಪ ಕಣ್ಣು ಮುಚ್ಚಿ ಬೆರಳಿನಿಂದ ಹೇಳಿಬಿಡುತ್ತಿದ್ದ. ನಾನು ಕಾಲೇಜಿನಲ್ಲಿ ಪಠ್ಯವನ್ನು ಓದುವುದು ಹೇಗೆ ಅನ್ನುವುದರ ಬಗ್ಗೆ ಬಹಳ ಉಪನ್ಯಾಸ ಕೇಳಿದೆ. ಅಪ್ಪನಷ್ಟು ಹತ್ತಿರದಿಂದ ಓದಿದವರನ್ನು ಆ ಕಟ್ಟಡದಲ್ಲಿ ಕಾಣಲಿಲ್ಲ.

ಹುಡುಗಿ ಆ ತೊಗಲಿನ ಒಂದು ತುಂಡನ್ನು ಕಾಲೇಜಿಗೆ ಒಯ್ದಳು. ಹೆಗಲ ಜಡ್ಡು, ಬರೆ, ಉಣ್ಣೆಯ ಚುಕ್ಕೆ, ನಾಳದ ಗೆರೆ ಎಲ್ಲ ಇದ್ದ ತುಂಡು. ಅದನ್ನೇ ಅಚ್ಚು ಮಾಡಿ ಕಂಬಳಿಯ ಮೇಲೆ ತರುತ್ತೇನೆ ಅಂತ ಅವಳ ಯೋಚನೆ. ಪಾಠ ಹೇಳುವವರು ಎರಡು ಬೆರಳಲ್ಲಿ ಎತ್ತಿ ನೋಡಿ, “ಇದರಲ್ಲಿ ತುಂಬಾ ಡಿಫೆಕ್ಟ್ ಇದೆಯಲ್ಲಮ್ಮ. ಕ್ಲೀನಾಗಿರೋ ಸ್ಯಾಂಪಲ್ ತಗೊಂಡ್ ಬಾ” ಅಂದರಂತೆ. ಹಿಂದಿನ ಬೆಂಚಿನಿಂದ ಯಾರೋ ಕಿಟಕಿ ತೆಗೆದರಂತೆ. ರಾತ್ರಿ ಫೋನು ಮಾಡಿ ಹುಡುಗಿ ಅಳಲಿಲ್ಲ. ನಮ್ಮ ಕಾಲದವರ ಹಾಗೆ ಇವರು ಅಳುವುದಿಲ್ಲ. “ಮಾವ, ಚಿರತೆ ಮೈಮೇಲಿನ ಚುಕ್ಕೆ ಡಿಸೈನ್ ಅಂತೆ. ನಮ್ ಎತ್ತಿನ ಮೈಮೇಲಿನ ಬರೆ ಡಿಫೆಕ್ಟ್ ಅಂತೆ” ಅಂದಳು.

ಗೆಳೆಯರೇ, ಈ ಒಂದು ವಾಕ್ಯ ನನ್ನನ್ನು ಬಿಡಲಿಲ್ಲ. ಚಿರತೆ ದುಡಿಯುವ ಪ್ರಾಣಿಯಲ್ಲ. ಅದರ ಮೈಮೇಲೆ ನೊಗದ ಗುರುತಿಲ್ಲ. ದುಡಿಯದವರ ಮೈ ಸೌಂದರ್ಯ, ದುಡಿದವರ ಮೈ ದೋಷ. ಈ ದೇಶದ ಸೌಂದರ್ಯಶಾಸ್ತ್ರ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವುದೂ ಇಷ್ಟನ್ನೇ ಅಲ್ಲವೆ? ಅಪ್ಪನ ಹಿಮ್ಮಡಿಯ ಬಿರುಕು, ಅವ್ವನ ಅಂಗೈಯ ದೊಡ್ಡು, ಸುಣ್ಣದಲ್ಲಿ ಬೆಂದ ಬೆರಳ ಸಂದಿ, ಇವನ್ನು ಯಾವ ಕವಿ ಹೊಗಳಿದ?

ಮುಂದಿನ ಸಾರಿ ಬೆಂಗಳೂರಿಗೆ ಹೋದಾಗ ಅವಳ ಜೊತೆ ಮನೆ ಸಾಮಾನಿನ ಒಂದು ದೊಡ್ಡ ಅಂಗಡಿಗೆ ಹೋದೆ. ನೆಲಕ್ಕೆ ಜೀಬ್ರಾ ಪಟ್ಟೆಯ ಹಾಸು. ದಿಂಬಿಗೆ ಚಿರತೆ. ದೀಪದ ಬುರುಡೆಗೆ ಹೆಬ್ಬಾವು. ನಡುವೆ ಒಂದು ಸೋಫಾ, ಅದರ ತುಂಬ ಮೊಸಳೆ ಬೆನ್ನಿನ ಚೌಕ ಚೌಕ. ಮಾರುವ ಹುಡುಗ ನಮ್ಮ ಬಟ್ಟೆ ನೋಡಿದರೂ ಮರ್ಯಾದೆಯಿಂದಲೇ ಹೇಳಿದ: “ಒರಿಜಿನಲ್ ಲೆದರ್ ಸರ್, ನ್ಯಾಚುರಲ್ ಟೆಕ್ಸ್ಚರ್. ನೋಡಿ, ಒಂದು ಗೀರು ಸಹ ಇಲ್ಲ.” ನಾನು ಹೆಬ್ಬೆಟ್ಟು ಆಡಿಸಿದೆ. ಮೊಸಳೆಯಲ್ಲ. ದನವೂ ಅನ್ನಿಸಲಿಲ್ಲ. ಏನೂ ಅಲ್ಲ. ನುಣ್ಣಗೆ ಬಣ್ಣದ ಪದರ.

ಅದು ಹೇಗೆ ಆಗುತ್ತದೆ ಅಂತ ಹುಡುಗಿ ವಿವರಿಸಿದಳು. ಕಾರ್ಖಾನೆಗೆ ಬಂದ ದನದ ಚರ್ಮವನ್ನು ದರ್ಜೆ ಮಾಡುತ್ತಾರೆ. ಬರೆ, ಮುಳ್ಳಿನ ಗೀರು, ಉಣ್ಣೆಯ ಗುರುತು, ನೊಗದ ಜಡ್ಡು ಇದ್ದಷ್ಟೂ ದರ್ಜೆ ಇಳಿಯುತ್ತದೆ. ದರ್ಜೆ ಇಳಿದ ಚರ್ಮದ ಮೇಲ್ಪದರವನ್ನು ಉಜ್ಜುಕಾಗದದ ಯಂತ್ರದಲ್ಲಿ ಹೆರೆದು ಹಾಕುತ್ತಾರೆ. ಗುರುತುಗಳ ಜೊತೆಗೆ ಕೂದಲ ಗುಳಿಯೂ ಹೋಗುತ್ತದೆ. ಅದರ ಮೇಲೆ ಅಂಟು ಮತ್ತು ಬಣ್ಣ ಬಳಿಯುತ್ತಾರೆ. ಆಮೇಲೆ ಬಿಸಿ ಮಾಡಿದ ಉಕ್ಕಿನ ಅಚ್ಚನ್ನು ಭಾರವಾಗಿ ಒತ್ತುತ್ತಾರೆ. ಅಚ್ಚಿನಲ್ಲಿ ಮೊಸಳೆ ಇದ್ದರೆ ಮೊಸಳೆ, ಹಾವಿದ್ದರೆ ಹಾವು. ಒಂದು ತಮಾಷೆ ಕೇಳಿ. ದೋಷವಿಲ್ಲದ ಹಸುವಿನ ಚರ್ಮದ ಗುಳಿಗಳನ್ನೇ ಅಚ್ಚು ಮಾಡಿಟ್ಟುಕೊಂಡು, ಅದನ್ನು ಈ ಹೆರೆದ ಹಸುವಿನ ಚರ್ಮದ ಮೇಲೆ ಒತ್ತುವುದೂ ಉಂಟು. ಹಸುವಿಗೆ ಹಸುವಿನ ವೇಷ! ಅಗ್ಗದ ಮಾಲಿನಲ್ಲಿ ಚರ್ಮವೂ ಇರುವುದಿಲ್ಲ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಎಳೆದು ಅದೇ ಅಚ್ಚು ಮೂಡಿಸಿದ ರೆಕ್ಸಿನ್.

ಒಂದು ಎತ್ತು ಹದಿನೈದು ವರ್ಷ ದುಡಿದು ಮೈಮೇಲೆ ಬರೆದುಕೊಂಡದ್ದನ್ನೆಲ್ಲ ಹೆರೆದು, ಅದು ಜನ್ಮದಲ್ಲಿ ಕಾಣದ ಮೊಸಳೆಯ ಬದುಕನ್ನು ಅದರ ಮೇಲೆ ಒತ್ತಿ, ಪ್ರಕೃತಿ ಅಂತ ಚೀಟಿ ಅಂಟಿಸುತ್ತಾರೆ. ಈ ಯಂತ್ರ ನಮಗೆ ಹೊಸದಲ್ಲ. ನಮ್ಮ ಮಾರಿಯರ ಹೆಸರು ಹೆರೆದು ಮೇಲೆ ಪುರಾಣದ ಅಚ್ಚು ಒತ್ತಿದ್ದು ಇದೇ ಯಂತ್ರ. ನಮ್ಮ ಮಕ್ಕಳು ಶಾಲೆಗೆ ಬಂದಾಗ ನಾಲಗೆಯ ಮೇಲಿನ ಹಟ್ಟಿಯ ಮಾತನ್ನು ಹೆರೆದು ಶಿಷ್ಟ ಕನ್ನಡದ ಅಚ್ಚು ಒತ್ತುವ ಮೇಷ್ಟರೂ ಇದೇ ಯಂತ್ರ. ನಾನೂ ಮೇಷ್ಟರು, ಆ ಒತ್ತಡ ಎಷ್ಟು ಟನ್ನಿನದು ಅಂತ ಬಲ್ಲೆ.

ಪಟ್ಟೆ, ಚುಕ್ಕೆ ಸುಂದರವಲ್ಲ ಅಂತ ನಾನು ಹೇಳುತ್ತಿಲ್ಲ. ಅವು ಹೇಗೆ ಹುಟ್ಟುತ್ತವೆ ಅನ್ನುವುದೇ ಒಂದು ಬೆರಗು. 1952ರಲ್ಲಿ ಅಲನ್ ಟ್ಯೂರಿಂಗ್ ಎಂಬ ಇಂಗ್ಲಿಷ್ ಗಣಿತಜ್ಞ ಇದಕ್ಕೆ ಒಂದು ದಾರಿ ತೋರಿಸಿದ. ಬೆಳೆಯುತ್ತಿರುವ ಭ್ರೂಣದಲ್ಲಿ ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತಾ ಒಂದು ಹೆಚ್ಚಿಸುತ್ತಾ ಇನ್ನೊಂದು ತಡೆಯುತ್ತಾ ಹೋದರೆ, ಏನೂ ಇಲ್ಲದ ಕಡೆ ಚುಕ್ಕೆಯೋ ಪಟ್ಟೆಯೋ ತಾನಾಗಿ ಮೂಡಬಲ್ಲದು ಅಂತ. ಆಮೇಲೆ ಜೇಮ್ಸ್ ಮರ್ರೆ ಎಂಬ ಗಣಿತಜ್ಞ ಅದನ್ನು ಮುಂದುವರಿಸಿ ಹೇಳಿದ್ದು: ಚುಕ್ಕೆ ಮೈಯ ಪ್ರಾಣಿಗೆ ಪಟ್ಟೆಯ ಬಾಲ ಇರಬಹುದು, ಪಟ್ಟೆ ಮೈಯ ಪ್ರಾಣಿಗೆ ಚುಕ್ಕೆಯ ಬಾಲ ಇರಲಾರದು. ಮೇಷ್ಟರುಗಳು ಇದನ್ನು ಮಕ್ಕಳಿಗೆ ಹೇಳಿ, ಚಿರತೆಯ ಚಿತ್ರದಲ್ಲಿ ಬಾಲದ ತುದಿ ನೋಡಲು ಹೇಳಿ. ಹುಲಿಯ ಪಟ್ಟೆ ಇರುವುದು ಅಡಗಲಿಕ್ಕೆ. ಜಿಂಕೆಯ ಕಣ್ಣಿಗೆ ಕೆಂಪು ಹಸಿರಿನ ಭೇದ ಗೊತ್ತಾಗುವುದಿಲ್ಲ, ಹಾಗಾಗಿ ಹುಲಿಯ ಕಿತ್ತಳೆ ಬಣ್ಣ ಅದಕ್ಕೆ ಹುಲ್ಲಿನ ಬಣ್ಣವೇ. ಹುಲಿ ಕಾಣಬಾರದು ಅಂತ ತೊಟ್ಟದ್ದನ್ನು ಮನುಷ್ಯ ಕಾಣಬೇಕು ಅಂತ ತೊಡುತ್ತಾನೆ. ಅಲ್ಲಿಂದ ಶುರುವಾಗುತ್ತದೆ ರಾಜಕಾರಣ.

ನಮ್ಮ ನಾಡಿನಲ್ಲಿ ಪಟ್ಟೆಯನ್ನು ಎಲ್ಲರಿಗಿಂತ ದೊಡ್ಡದಾಗಿ ಬಳಸಿದವನು ಟಿಪ್ಪು. ಹುಲಿಯ ಪಟ್ಟೆಯನ್ನು ಹೋಲುವ ‘ಬಬ್ರಿ’ ಗುರುತು ಅವನ ಸಿಂಹಾಸನದಿಂದ ಬಂದೂಕಿನವರೆಗೆ ಎಲ್ಲ ಕಡೆ ಇತ್ತು. ಶ್ರೀರಂಗಪಟ್ಟಣದ ಗುಂಬಜ್‌ನ ಒಳಗೋಡೆಯ ಮೇಲೆ ಅದನ್ನು ಇವತ್ತಿಗೂ ನೋಡಬಹುದು. ಅವನ ಸಿಪಾಯಿಗಳ ಅಂಗಿಯ ಮೇಲೂ ಅದೇ ಪಟ್ಟೆ. ಇದನ್ನು ಗಮನಿಸಬೇಕು. ರಾಜನ ಗುರುತು ಸಾಮಾನ್ಯ ಸಿಪಾಯಿಯ ಮೈಮೇಲೂ ಬಂತು, ಬ್ರಿಟಿಷರ ಎದುರು ನಿಲ್ಲಲಿಕ್ಕೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಗೆದ್ದವರು ಆ ಪಟ್ಟೆಗಳನ್ನೇ ಲೂಟಿ ಹೊಡೆದು ಒಯ್ದರು. ಸಿಪಾಯಿಯನ್ನು ಕಚ್ಚುವ ಅವನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಬಂದವರಿಗೆ ಗುರುತು ಸಾಕಾಗಲಿಲ್ಲ, ಹುಲಿಯೇ ಬೇಕಾಯಿತು. ದೊರೆಗಳು, ಮಹಾರಾಜರು ಹೊಡೆದ ಹುಲಿ ಚಿರತೆಗಳ ಚರ್ಮ ಹದ ಮಾಡಿ ತಲೆಗೆ ರೂಪ ಕೊಡುವ ದೊಡ್ಡ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇತ್ತು, ವ್ಯಾನ್ ಇಂಗೆನ್ ಅವರದ್ದು. 1999ರಲ್ಲಿ ಮುಚ್ಚುವ ಹೊತ್ತಿಗೆ ಹತ್ತಾರು ಸಾವಿರ ಹುಲಿ ಚಿರತೆಗಳು ಆ ಕಟ್ಟಡದ ಮೂಲಕ ಹಾದುಹೋಗಿದ್ದವು. ಅಲ್ಲಿಯೂ ಚರ್ಮ ಕೆರೆಯಬೇಕು, ನೆನೆಹಾಕಬೇಕು, ನಾರುವುದನ್ನು ಮುಟ್ಟಬೇಕು. ಆದರೆ ಅದು ಕಲೆ. ನಮ್ಮ ಹಟ್ಟಿಯಲ್ಲಿ ಅದೇ ಮೈಲಿಗೆ. ಪ್ಯಾರಿಸಿನಲ್ಲಿ 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಉಡುಪಿನ ಸಾಲಿನಲ್ಲೇ ಚಿರತೆಯ ಚುಕ್ಕೆಯನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿದ. ಬಟ್ಟೆಯ ಚಿರತೆ ಬಂದರೂ ಕಾಡಿನ ಚಿರತೆ ಬದುಕಲಿಲ್ಲ. ಅಚ್ಚು ನೋಡಿದವರಿಗೆ ಅಸಲಿನ ಆಸೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ.

ಆ ಕಾಯಿದೆ ಬೇಕಾಗಿತ್ತು, ಬಂತು. ಆದರೆ ಅದರ ಭಾರ ಯಾರ ಮೇಲೆ ಬಿತ್ತು? ತಮಿಳುನಾಡಿನ ಇರುಳರು ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದವರು. ಆ ಚರ್ಮ ಹಡಗು ಹತ್ತಿ ಪರದೇಶದ ಹೆಂಗಸರ ಕೈಚೀಲವಾಗುತ್ತಿತ್ತು. ಕಾನೂನು ಬಂದಾಗ ಕೈಚೀಲ ಹಿಡಿದವರು ಬೇರೆ ಚೀಲ ಕೊಂಡರು. ಇರುಳರು ಮಾತ್ರ ಒಂದೇ ದಿನದಲ್ಲಿ ಕಳ್ಳಬೇಟೆಗಾರರಾದರು. 1978ರಲ್ಲಿ ಅವರದೇ ಸಹಕಾರ ಸಂಘ ಆಗಿ, ಹಾವನ್ನು ಕೊಲ್ಲದೆ ವಿಷ ತೆಗೆದು ಬಿಡುವ ಕೆಲಸ ಅವರ ಕೈಗೆ ಬಂತು. ಹಾವು ಕಚ್ಚಿದವರಿಗೆ ಕೊಡುವ ಔಷಧಿ ತಯಾರಾಗುವುದು ಆ ವಿಷದಿಂದ. ಚರ್ಮಕ್ಕಾಗಿ ಬೆಳೆದ ವಿದ್ಯೆ ಪ್ರಾಣ ಉಳಿಸುವ ವಿದ್ಯೆಯಾಯಿತು. ವಿದ್ಯೆಯಲ್ಲಿ ಮೈಲಿಗೆ ಇರಲಿಲ್ಲ, ಅದನ್ನು ಯಾರಿಗಾಗಿ ದುಡಿಸಿಕೊಂಡರು ಅನ್ನುವುದರಲ್ಲಿತ್ತು.

ಇನ್ನು ಅಜಿನ. ಉಪನಯನದ ವಟು ಕೃಷ್ಣಮೃಗದ ಚರ್ಮ ಧರಿಸಬೇಕು ಅಂತ ಶಾಸ್ತ್ರ. ಶಿವನಿಗೆ ಹುಲಿಯ ಚರ್ಮ. ತಪಸ್ಸಿಗೆ ಕೂತವನ ಕೆಳಗೆ ಜಿಂಕೆಯ ಚರ್ಮ. ಜಿಂಕೆ ತಾನೇ ಬಂದು ಚರ್ಮ ಬಿಚ್ಚಿ ಕೊಟ್ಟು ಹೋಯಿತೇ? ಯಾರೋ ಕೊಂದರು, ಯಾರೋ ಸುಲಿದರು, ಯಾರೋ ಹದ ಮಾಡಿದರು. ಶಾಸ್ತ್ರದಲ್ಲಿ ಅಜಿನದ ಅಳತೆ ಉಂಟು, ಹದ ಮಾಡಿದವನ ಹೆಸರಿಲ್ಲ. ಸಂಗೀತ ಕಚೇರಿಗೆ ಬನ್ನಿ. ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ನುಡಿಸುವವರು ಬಹುಪಾಲು ಒಂದು ಜಾತಿ, ಚರ್ಮ ಬಿಗಿಯುವವರು ಇನ್ನೊಂದು. ಆ ತಯಾರಕರ ಬದುಕಿನ ಮೇಲೆ ಗಾಯಕ ಟಿ.ಎಂ. ಕೃಷ್ಣ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದ ಬಿಡುಗಡೆಗೆ 2020ರಲ್ಲಿ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಅನುಮತಿಯನ್ನು ವಾಪಸ್ಸು ತೆಗೆದುಕೊಂಡಿತು. ನಾದ ಒಳಗೆ ಬರಬಹುದು, ತೊಗಲಿನ ಮಾತು ಬರಬಾರದು. ನಮ್ಮ ತಮಟೆಗೂ ಮೃದಂಗಕ್ಕೂ ಚರ್ಮ ಒಂದೇ ಕೊಟ್ಟಿಗೆಯದ್ದು. ಒಂದು ಗರ್ಭಗುಡಿಯ ಮುಂದೆ ನುಡಿಯುತ್ತದೆ, ಇನ್ನೊಂದು ಹೆಣದ ಮುಂದೆ.

ಈ ಎಲ್ಲವನ್ನೂ ತಲೆಕೆಳಗು ಮಾಡಿದ ಒಂದು ಕತೆ ನಮ್ಮಲ್ಲಿದೆ, ಹರಳಯ್ಯನದು. ಎದುರು ಸಿಕ್ಕ ಹರಳಯ್ಯ ಶರಣು ಅಂದ. ಬಸವಣ್ಣ ಶರಣು ಶರಣಾರ್ಥಿ ಅಂದ. ಒಂದಕ್ಕೆ ಎರಡು ಬಂತಲ್ಲ, ಈ ಋಣ ತೀರಿಸುವುದು ಹೇಗೆ ಅಂತ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಹದ ಮಾಡಿ ಮೆಟ್ಟು ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ ಅಂತ ಕತೆ. ಇದನ್ನು ಭಕ್ತಿಯ ಕತೆ ಅಂತ ಹೇಳುತ್ತಾರೆ. ನನಗೆ ಅದು ಸಾಲದು. ಒಂದು ನಮಸ್ಕಾರ ವಾಪಸ್ಸು ಬಂದದ್ದಕ್ಕೆ ಮೈಚರ್ಮ ಸುಲಿದು ಕೊಡಬೇಕು ಅನ್ನಿಸುವಷ್ಟು ಅಪರೂಪವಾಗಿತ್ತೇ ಆ ನಮಸ್ಕಾರ? ಆಮೇಲೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಏನು ಮಾಡಿತು ಅಂತ ನಿಮಗೆ ಗೊತ್ತು. ಚರ್ಮ ಕೊಟ್ಟದ್ದನ್ನು ಹೊಗಳಿದ ಊರು ಸಂಬಂಧ ಬೆಳೆಸಿದ್ದನ್ನು ಸಹಿಸಲಿಲ್ಲ.

ಈ ಕಾಲಕ್ಕೆ ಬರೋಣ. ಈಗಿನ ಬಹುಪಾಲು ಚರ್ಮ ತಂಗಡಿ ಚಕ್ಕೆಯದಲ್ಲ, ಕ್ರೋಮಿಯಂ ಲವಣದ್ದು. ತಿಂಗಳ ಕೆಲಸ ದಿನದಲ್ಲಿ ಮುಗಿಯುತ್ತದೆ, ಚರ್ಮ ಮೃದು, ಯಾವ ಬಣ್ಣ ಬೇಕಾದರೂ ಹಿಡಿಯುತ್ತದೆ. ಮೊಸಳೆ ಅಚ್ಚಿನ ಸೋಫಾ ಹುಟ್ಟುವುದು ಅಲ್ಲಿ. ನಮ್ಮ ಕೋಲಾರದ ಕಡೆ ಹುಟ್ಟಿ ತಮಿಳುನಾಡಿಗೆ ಹೋಗುವ ಪಾಲಾರ್ ನದಿಯ ದಂಡೆಯಲ್ಲಿ, ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಲ್ಲಿ, ಚರ್ಮದ ಕಾರ್ಖಾನೆಗಳ ನೀರು ಹರಿದು ಬಾವಿಗಳು ಕೆಟ್ಟವು, ಹೊಲಗಳು ಉಪ್ಪಾದವು. 1996ರಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವರೇ ದಂಡ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಆದರೂ 2015ರ ಜನವರಿ 31ರ ಬೆಳಗಿನ ಜಾವ ರಾಣಿಪೇಟೆಯಲ್ಲಿ ಚರ್ಮದ ತ್ಯಾಜ್ಯ ತುಂಬಿದ್ದ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲೇ ಮಲಗಿದ್ದ 10 ಕಾರ್ಮಿಕರು ಆ ಕೆಸರಿನಲ್ಲಿ ಸತ್ತರು. ಹೆಚ್ಚಿನವರು ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಗೀರು ಇಲ್ಲದ ಸೋಫಾದ ಗೀರುಗಳೆಲ್ಲ ಎಲ್ಲಿ ಹೋದವು ಅಂತ ಕೇಳಿದರೆ, ಉತ್ತರ ಇದು. ಅವು ನದಿಗೆ ಹೋದವು, ಕೂಲಿಯವನ ಶ್ವಾಸಕೋಶಕ್ಕೆ ಹೋದವು.

ಇದೇ ಹೊತ್ತಿನಲ್ಲಿ ಇನ್ನೊಂದು ಕಡೆ ನಮ್ಮ ಹಳೆಯ ತೊಗಲಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ. ಕೊಲ್ಹಾಪುರಿ ಚಪ್ಪಲಿ ಅನ್ನುವುದು ಕೊಲ್ಹಾಪುರದ್ದು ಮಾತ್ರ ಅಲ್ಲ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರು, ಡೋರರು ತಲೆಮಾರುಗಳಿಂದ ಚಕ್ಕೆಯಲ್ಲಿ ಹದ ಮಾಡಿ ಹೊಲಿಯುತ್ತಾ ಬಂದದ್ದು. ಜಡೆ ಹೆಣೆಯುವ ನಾಜೂಕಿನ ಕೆಲಸ ಹೆಚ್ಚಾಗಿ ಹೆಂಗಸರದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ಅದೇ ರೂಪದ ಚಪ್ಪಲಿಯನ್ನು ವೇದಿಕೆಯ ಮೇಲೆ ನಡೆಸಿತು. ಹೆಸರು ಮಾತ್ರ ಬರೀ ಚರ್ಮದ ಚಪ್ಪಲಿ. ಎಲ್ಲಿಯದು, ಯಾರದು, ಒಂದು ಮಾತಿಲ್ಲ. ಇಲ್ಲಿ ಗಲಾಟೆಯಾದ ಮೇಲೆ ಇದಕ್ಕೆ ಪ್ರೇರಣೆ ಭಾರತದ ಕುಶಲಕರ್ಮಿಗಳದ್ದು ಅಂತ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು 1976ರಲ್ಲಿ ಶುರುವಾದ ನಮ್ಮ ಲಿಡ್ಕರ್ ಜೊತೆ ಒಪ್ಪಂದವೂ ಆಯಿತು. ಇಲ್ಲಿಯೇ 2,000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವುದು ಅಂತ. ನಮ್ಮ ರೂಪಾಯಿಯಲ್ಲಿ 80 ಸಾವಿರದ ಮೇಲೆ.

ಇದಕ್ಕೆ ಚಪ್ಪಾಳೆ ಹೊಡೆಯಬೇಕೆ? ನಮ್ಮವರ ಹೆಸರು ಹೇಳಿಸಿದ್ದು ಹೋರಾಟ, ಅದಕ್ಕೆ ಚಪ್ಪಾಳೆ. ಆದರೆ ನಾನು ಕೇಳುವುದು ಒಂದೇ. ಎಂಬತ್ತು ಸಾವಿರದಲ್ಲಿ ಜಡೆ ಹೆಣೆದ ಅಥಣಿಯ ಹೆಂಗಸಿನ ಪಾಲು ಎಷ್ಟು? ಅವಳ ಮಗಳು ಆ ಕಂಪನಿಯ ವಿನ್ಯಾಸದ ಮೇಜಿನ ಮುಂದೆ ಕೂರುವುದು ಯಾವಾಗ?

ಇನ್ನೊಂದು ಗಂಟು ಇದೆ. ಅದನ್ನು ಬಿಚ್ಚದೆ ಹೋದರೆ ಮಾತು ಪ್ರಾಮಾಣಿಕವಾಗುವುದಿಲ್ಲ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ, ಹೀನಾಯದ ಹಳೆಯ ಕಟ್ಟುಪಾಡು ಬಿಡಿ ಅಂತ ನಮ್ಮವರಿಗೆ ಹೇಳಿದರು. ಸಂಘರ್ಷ ಸಮಿತಿಯ ಕಾಲದಲ್ಲಿ ಎಷ್ಟೋ ಹಟ್ಟಿಗಳಲ್ಲಿ ಹುಡುಗರು ತಮಟೆ ಕೆಳಗಿಟ್ಟರು, ದನ ಎತ್ತುವುದಿಲ್ಲ ಅಂದರು, ಬಹಿಷ್ಕಾರ ತಿಂದರು. ಅಪ್ಪ ಗುಂಡಿ ಮುಚ್ಚಿದ್ದು ಮಾರುಕಟ್ಟೆ ಸತ್ತದ್ದಕ್ಕೆ ಮಾತ್ರ ಅಲ್ಲ, ನಾವು ಹುಡುಗರು ಮುಚ್ಚು ಅಂದದ್ದಕ್ಕೂ ಹೌದು. ಆ ಮಾತು ಸರಿಯಾಗಿತ್ತು, ಈಗಲೂ ಸರಿ. 2016ರ ಜುಲೈ 11ರಂದು ಗುಜರಾತಿನ ಊನಾ ತಾಲ್ಲೂಕಿನಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದರು. ಅದಾದ ಮೇಲೆ ಸುರೇಂದ್ರನಗರದಲ್ಲಿ ನಮ್ಮವರು ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿಯ ಮುಂದೆ ಇಳಿಸಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿಕೊಳ್ಳಿ ಅಂತ. ಸುಲಿಯದಿದ್ದರೆ ಊರು ನಾರುತ್ತದೆ, ಸುಲಿದರೆ ನಾವು ಪೆಟ್ಟು ತಿನ್ನುತ್ತೇವೆ. ಇಂಥ ದೇಶದಲ್ಲಿ ಕುಲಕಸುಬಿನ ಚೆಂದದ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪರಂಪರೆ ಉಳಿಸಿ ಅಂತ ನಮಗೆ ಹೇಳುವವರು ಒಂದು ದಿನ ಸುಣ್ಣದ ಗುಂಡಿಗೆ ಕೈ ಹಾಕಿ ನೋಡಲಿ.

ಹಾಗಾದರೆ ಆ ವಿದ್ಯೆ? ಅದನ್ನೂ ಗುಂಡಿಯ ಜೊತೆ ಮುಚ್ಚಿಬಿಡುವುದೆ? ನನ್ನ ಮಟ್ಟಿಗೆ ಹೇಳುತ್ತೇನೆ. ಕಟ್ಟುಪಾಡು ಬೇರೆ, ಅರಿವು ಬೇರೆ. ದನ ಸತ್ತಾಗ ನೀನೇ ಬರಬೇಕು ಅನ್ನುವ ಕರೆ ಸಾಯಲಿ. ಬೆರಳಿನಿಂದ ತೊಗಲು ಓದುವ ಅರಿವು ಸಾಯಬಾರದು. ಅದು ನಮ್ಮ ಗುಲಾಮಗಿರಿಯಿಂದ ಹುಟ್ಟಿದ್ದಲ್ಲ, ಗುಲಾಮಗಿರಿಯ ನಡುವೆಯೂ ನಮ್ಮ ತಲೆ ಕೆಲಸ ಮಾಡಿದ್ದಕ್ಕೆ ಹುಟ್ಟಿದ್ದು. ಆ ಅರಿವು ಪ್ರಯೋಗಾಲಯಕ್ಕೆ ಹೋಗಲಿ, ಡಿಸೈನ್ ಕಾಲೇಜಿಗೆ ಹೋಗಲಿ, ಬೇಕು ಅನ್ನಿಸಿದವರು ಕಲಿಯಲಿ, ಯಾವ ಜಾತಿಯವರಾದರೂ. ಅಯ್ಯರ್ ಹುಡುಗ ಬಂದು ಸುಣ್ಣದ ಗುಂಡಿಯ ಪಕ್ಕ ನಿಂತು ಕಲಿಯಲಿ, ನಮ್ಮ ಹುಡುಗಿ ಬೇಡ ಅಂದರೆ ಬೇಡ ಅಂತ ಕಂಪ್ಯೂಟರ್ ಕಲಿಯಲಿ. ಬಿಡುವ ಹಕ್ಕೂ ಬೇಕು, ಹಿಡಿಯುವ ಹಕ್ಕೂ ಬೇಕು. ಇಷ್ಟು ದಿನ ಎರಡೂ ನಮ್ಮ ಕೈಯಲ್ಲಿರಲಿಲ್ಲ.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ಡ್ರಾಯಿಂಗ್ ಪಾಠದಲ್ಲಿ ಚಿರತೆ, ನವಿಲು ಬರೆಸುತ್ತೀರಿ, ಬರೆಸಿ. ಒಂದು ದಿನ ಮಕ್ಕಳಿಗೆ ತಮ್ಮ ಮನೆಯ ಎತ್ತಿನ ಹೆಗಲು ನೋಡಿ ಬರೆಯಲು ಹೇಳಿ. ಅವ್ವನ ಅಂಗೈ ನೋಡಿ ಬರೆಯಲು ಹೇಳಿ. ಎಲೆಯ ಮೇಲೆ ಕಾಗದ ಇಟ್ಟು ಸೀಸದಕಡ್ಡಿ ಉಜ್ಜಿ ಎಲೆಯ ನರ ತೆಗೆಸುತ್ತೀರಲ್ಲ, ಹಾಗೆಯೇ ಒಂದು ಹಳೆಯ ಎಕ್ಕಡದ ಅಟ್ಟೆಯ ಮೇಲೆ ಕಾಗದ ಇಟ್ಟು ಉಜ್ಜಿಸಿ. ಮೂಡುವ ಗೆರೆಗಳಲ್ಲಿ ಯಾವುದು ದನದ್ದು, ಯಾವುದು ನಡೆದವನದ್ದು, ಯಾವುದು ಹೊಲಿದವನದ್ದು ಅಂತ ಮಕ್ಕಳೇ ಹೇಳುತ್ತಾರೆ. ಅದನ್ನು ಡಿಫೆಕ್ಟ್ ಅನ್ನಬೇಡಿ.

ಡಿಸೈನ್ ಕಲಿಯುವ ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ನೀವು ಮಾಡಿದ್ದರ ಮೇಲೆ ಚೀಟಿ ಅಂಟಿಸುವ ದಿನ ಬರುತ್ತದೆ. ಚೀಟಿಯಲ್ಲಿ ಬೆಲೆ ಬರೆಯಿರಿ, ಹದ ಮಾಡಿದವರ ಹೆಸರು ಬರೆಯಿರಿ, ಅವರಿಗೆ ಸಂದ ಕೂಲಿಯನ್ನೂ ಬರೆಯಿರಿ. ಕೊಳ್ಳುವವರು ಹೆಸರು ಓದಿ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಹೆಸರಿಲ್ಲದೆ ಮಾತ್ರ ಇನ್ನು ಮುಂದೆ ಒಂದು ಅಂಗುಲ ತೊಗಲೂ ನಮ್ಮ ಕೇರಿಯಿಂದ ಆಚೆ ಹೋಗಬಾರದು.